ಹುಟ್ಟು ಹಿಡಿಯಲು ಹುಟ್ಟು ನೋಡಿದವರು

ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ನಿಮ್ಮ ಫೋನಿನಲ್ಲಿ ಒಂದು ಫೋಟೊ ಬಂದು ಹೋಗುತ್ತದೆ. ಲಂಡನ್ನಿನ ಥೇಮ್ಸ್ ನದಿ, ಎರಡು ಉದ್ದನೆಯ ಸಣಕಲು ದೋಣಿ, ಒಂದರಲ್ಲಿ ಕಡುನೀಲಿ ಬಟ್ಟೆಯವರು, ಇನ್ನೊಂದರಲ್ಲಿ ತಿಳಿನೀಲಿಯವರು. ದಡದ ತುಂಬ ಜನ. ಅಡಿಯಲ್ಲಿ ಬರೆದಿರುತ್ತದೆ: ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ದೋಣಿ ಸ್ಪರ್ಧೆ, ಸುಮಾರು ಇನ್ನೂರು ವರ್ಷದ ಭವ್ಯ ಸಂಪ್ರದಾಯ.

ಈ ಸ್ಪರ್ಧೆಗೆ 2029ರಲ್ಲಿ ಸರಿಯಾಗಿ 200 ವರ್ಷ ತುಂಬುತ್ತದೆ. ಆಗ ಹೊಗಳಿಕೆಯ ಲೇಖನಗಳು ರಾಶಿ ಬೀಳುತ್ತವೆ. ಅವು ಅನುವಾದವಾಗಿ ಕನ್ನಡಕ್ಕೂ ಬರುತ್ತವೆ. ಶಿಸ್ತು, ಶ್ರಮ, ಹಣದ ಆಸೆ ಇಲ್ಲದ ಶುದ್ಧ ಕ್ರೀಡೆ ಎಂದೆಲ್ಲ ಓದಿಸುತ್ತವೆ. ಅದಕ್ಕೆ ಮೊದಲೇ ನಾವು ನಮ್ಮ ತಕರಾರು ದಾಖಲಿಸುತ್ತಿದ್ದೇವೆ.

ದೋಣಿ ನಡೆಸುವ ಹುಡುಗ ಹುಡುಗಿಯರ ಮೇಲೆ ನಮಗೆ ಸಿಟ್ಟಿಲ್ಲ. ‘ಸಂಪ್ರದಾಯ’ ಎಂಬ ಮಾತನ್ನು ಬಾಗಿಲಿಗೆ ಅಗುಳಿಯಂತೆ ಹಾಕಿ, ಆಮೇಲೆ ಅದೇ ಬಾಗಿಲಿಗೆ ಹೂವಿನ ಹಾರ ಕಟ್ಟುವವರ ಮೇಲೆ ನಮ್ಮ ಸಿಟ್ಟು.

ಮೊದಲು ಆಟ ಏನೆಂದು ನೋಡೋಣ

ಒಂದೊಂದು ದೋಣಿಯಲ್ಲಿ ಒಂಬತ್ತು ಜನ. ಎಂಟು ಜನ ಒಂದೊಂದು ಹುಟ್ಟು ಹಿಡಿದು, ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಅವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಒಂಬತ್ತನೆಯವರು ಮಾತ್ರ ಮುಂದೆ ನೋಡುತ್ತಾ ಚುಕ್ಕಾಣಿ ಹಿಡಿದು ಕೂಗಿ ಹೇಳುತ್ತಾರೆ. ಅವರನ್ನು ಕಾಕ್ಸ್ ಎನ್ನುತ್ತಾರೆ. ಪಟ್ನಿ ಎಂಬಲ್ಲಿಂದ ಮಾರ್ಟ್‌ಲೇಕ್‌ವರೆಗೆ ಸುಮಾರು 6.8 ಕಿಲೋಮೀಟರ್ ದೂರ. ಸಮುದ್ರದ ಉಬ್ಬರ ನದಿಯೊಳಗೆ ನುಗ್ಗುವ ಹೊತ್ತು ನೋಡಿ, ಆ ನೀರಿನ ಬೆನ್ನೇರಿ ಮೇಲಕ್ಕೆ ಹೋಗುತ್ತಾರೆ. 16ರಿಂದ 20 ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

ನದಿ ಅಂಕುಡೊಂಕು. ಯಾವ ದಡದ ಕಡೆ ದೋಣಿ ಇರಬೇಕೆಂದು 1829ರ ಚಿನ್ನದ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಹಿಂದಿನ ವರ್ಷ ಸೋತವರು ಗೆದ್ದವರಿಗೆ ಸವಾಲು ಹಾಕಬೇಕು. ಗೆದ್ದವರು ತಮ್ಮ ಕಾಕ್ಸನ್ನು ಎತ್ತಿ ನೀರಿಗೆ ಎಸೆಯುತ್ತಾರೆ. ಗಾಳಿ ಎದ್ದರೆ ದೋಣಿ ಮುಳುಗುವುದೂ ಉಂಟು. 1912ರಲ್ಲಿ ಎರಡೂ ದೋಣಿಗೆ ನೀರು ತುಂಬಿ, ಮತ್ತೊಂದು ದಿನ ಸ್ಪರ್ಧೆ ನಡೆಸಬೇಕಾಯಿತು. 1978ರಲ್ಲಿ ಕೇಂಬ್ರಿಡ್ಜ್ ದೋಣಿ ಮುಳುಗಿತು.

ಇವೆಲ್ಲ ಚೆಂದವೇ. ಬೇಡ ಎನ್ನುವವರಲ್ಲ ನಾವು.

ಶುರುವಾದ ಬಗೆಯೂ ಸರಳ. ಹ್ಯಾರೋ ಎಂಬ ದೊಡ್ಡವರ ಮಕ್ಕಳ ಶಾಲೆಯಲ್ಲಿ ಒಟ್ಟಿಗೆ ಓದಿದ ಇಬ್ಬರು ಗೆಳೆಯರು. ಒಬ್ಬ ಚಾರ್ಲ್ಸ್ ವರ್ಡ್ಸ್‌ವರ್ತ್, ಕವಿ ವರ್ಡ್ಸ್‌ವರ್ತ್‌ನ ತಮ್ಮನ ಮಗ, ಆಕ್ಸ್‌ಫರ್ಡ್‌ಗೆ ಹೋದ. ಇನ್ನೊಬ್ಬ ಚಾರ್ಲ್ಸ್ ಮೆರಿವೇಲ್, ಕೇಂಬ್ರಿಡ್ಜ್‌ಗೆ ಹೋದ. ಕೇಂಬ್ರಿಡ್ಜ್‌ನಿಂದ ಸವಾಲು ಬಂತು. 1829ರ ಜೂನ್ 10ರಂದು ಹೆನ್ಲಿ ಎಂಬ ಊರಿನ ಹತ್ತಿರ ಮೊದಲ ಸ್ಪರ್ಧೆ ನಡೆಯಿತು, ಆಕ್ಸ್‌ಫರ್ಡ್ ಗೆದ್ದಿತು. ಎರಡನೆಯದು 1836ರಲ್ಲಿ. 1845ರಿಂದ ಪಟ್ನಿ-ಮಾರ್ಟ್‌ಲೇಕ್ ದಾರಿ. 1856ರಿಂದ ಯುದ್ಧದ ವರ್ಷ ಮತ್ತು 2020ರ ಕೊರೊನಾ ವರ್ಷ ಬಿಟ್ಟು ಪ್ರತಿ ವರ್ಷ.

ಹೊಗಳುವ ಲೇಖನಗಳು ಇಲ್ಲಿಂದ ನೇರ ಇವತ್ತಿಗೆ ಜಿಗಿಯುತ್ತವೆ. ನಾವು ಸ್ವಲ್ಪ ಹಿಂದೆ ಹೋಗುತ್ತೇವೆ.

ನದಿ ಯಾರದಾಗಿತ್ತು?

ವಿದ್ಯಾರ್ಥಿಗಳು ಹುಟ್ಟು ಹಿಡಿಯುವ ಮೊದಲು ಥೇಮ್ಸ್ ನದಿ ಅಂಬಿಗರದಾಗಿತ್ತು. ಲಂಡನ್ನಿನಲ್ಲಿ ಸೇತುವೆಗಳು ಕಡಿಮೆ ಇದ್ದ ಕಾಲದಲ್ಲಿ ಜನರನ್ನು ಆಚೆ ದಡಕ್ಕೆ ಮುಟ್ಟಿಸಿ ಕಾಸು ಪಡೆಯುತ್ತಿದ್ದವರು ಅವರು. ಥಾಮಸ್ ಡಾಗೆಟ್ ಎಂಬ ಐರ್ಲೆಂಡಿನ ಹಾಸ್ಯನಟ, ಆಗಷ್ಟೇ ಕೆಲಸ ಕಲಿತು ಹೊರಬಂದ ಅಂಬಿಗ ಹುಡುಗರಿಗಾಗಿ 1715ರಲ್ಲಿ ಒಂದು ಸ್ಪರ್ಧೆ ಇಟ್ಟ. ಲಂಡನ್ ಸೇತುವೆಯಿಂದ ಚೆಲ್ಸಿವರೆಗೆ. ಗೆದ್ದವನಿಗೆ ಒಂದು ಕೆಂಪು ಕೋಟು, ಬೆಳ್ಳಿಯ ಬಿಲ್ಲೆ. ಆ ಸ್ಪರ್ಧೆ ಇವತ್ತಿಗೂ ನಡೆಯುತ್ತಿದೆ.

ಲೆಕ್ಕ ಹಾಕಿ. ದುಡಿಯುವವರ ಸ್ಪರ್ಧೆ ವಿಶ್ವವಿದ್ಯಾಲಯದ ಸ್ಪರ್ಧೆಗಿಂತ 114 ವರ್ಷ ದೊಡ್ಡದು. ವಯಸ್ಸೇ ಸಂಪ್ರದಾಯದ ಅಳತೆಯಾಗಿದ್ದರೆ ನಿಮ್ಮ ಫೋನಿಗೆ ಬರಬೇಕಾದದ್ದು ಕೆಂಪು ಕೋಟಿನ ಅಂಬಿಗನ ಫೋಟೊ. ಅದು ಬಂದದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ಆಟದ ಸಲಕರಣೆಯ ಮಾತಿಗೆ ಬನ್ನಿ. ಉತ್ತರ ಇಂಗ್ಲೆಂಡಿನ ನ್ಯೂಕಾಸಲ್ ಕಡೆಯ ಹ್ಯಾರಿ ಕ್ಲಾಸ್ಪರ್ ಚಿಕ್ಕವನಿದ್ದಾಗ ಕಲ್ಲಿದ್ದಲು ಗಣಿಗೆ ಇಳಿದವನು, ಆಮೇಲೆ ದೋಣಿ ಕಟ್ಟಲು ಕಲಿತವನು. ದೋಣಿಯ ಮೈಗಿಂತ ಆಚೆಗೆ ಕಬ್ಬಿಣದ ತೋಳು ಚಾಚಿ, ಅದರ ತುದಿಗೆ ಹುಟ್ಟನ್ನು ಕೂರಿಸುವ ಏರ್ಪಾಡಿಗೆ ಸರಿಯಾದ ರೂಪ ಕೊಟ್ಟವರಲ್ಲಿ ಇವನು ಮುಖ್ಯ. ಅದರಿಂದ ದೋಣಿ ಸಣ್ಣಗಾಯಿತು, ಹಗುರಾಯಿತು, ಓಟ ಹೆಚ್ಚಿತು. 1846ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡೂ ಆ ಬಗೆಯ ದೋಣಿಯಲ್ಲಿ ಕೂತವು. 1857ರಲ್ಲಿ ಆಕ್ಸ್‌ಫರ್ಡ್‌ಗೆ ಅಡಿಪಟ್ಟಿಯಿಲ್ಲದ ನುಣುಪು ದೋಣಿ ಕಟ್ಟಿಕೊಟ್ಟವನು ಮ್ಯಾಟ್ ಟೇಲರ್, ಅವನೂ ನ್ಯೂಕಾಸಲ್ ಕಡೆಯ ಬಡಗಿಯೇ. ಕ್ಲಾಸ್ಪರ್ 1870ರಲ್ಲಿ ಸತ್ತಾಗ ಮಣ್ಣಿಗೆ ಬಂದ ಜನ ಒಂದು ಲಕ್ಷಕ್ಕೂ ಹೆಚ್ಚು ಎಂದು ಆಗಿನ ವರದಿಗಳು ಹೇಳುತ್ತವೆ. ಒಬ್ಬ ದೋಣಿಗಾರನಿಗೆ ಅಷ್ಟು ಜನ!

ದೋಣಿ ಕೂಲಿಯವನದು, ಅದರ ವಿದ್ಯೆ ಕೂಲಿಯವನದು, ನದಿಯ ಸುಳಿ ಗೊತ್ತಿದ್ದದ್ದೂ ಕೂಲಿಯವನಿಗೆ. ಮುಂದೆ ಏನಾಯಿತು ನೋಡಿ.

ಆ ಒಂದು ಸಾಲು

1879ರಲ್ಲಿ ಹೆನ್ಲಿಯ ದೊಡ್ಡ ದೋಣಿಹಬ್ಬದ ಯಜಮಾನರು ಒಂದು ನಿಯಮ ಮಾಡಿದರು. 1882ರಲ್ಲಿ ರೂಪುಗೊಂಡ ಹವ್ಯಾಸಿ ದೋಣಿಗಾರರ ಸಂಘ ಅದನ್ನೇ ಹಿಡಿಯಿತು. ಈ ಎರಡು ಕಡೆಯೂ ಮಾತು ನಡೆಯುತ್ತಿದ್ದದ್ದು ಹೆಚ್ಚಾಗಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ನಲ್ಲಿ ಹುಟ್ಟು ಹಾಕಿ ಬಂದ ಹಳೆಯ ವಿದ್ಯಾರ್ಥಿಗಳದು.

ನಿಯಮದ ಸಾರ ಇಷ್ಟು: ಹಣಕ್ಕಾಗಿ ಸ್ಪರ್ಧೆ ಮಾಡಿದವನು ಹವ್ಯಾಸಿ ಅಲ್ಲ. ಇಲ್ಲಿವರೆಗೆ ಸರಿ ಎನ್ನೋಣ. ಮುಂದಿನದು ಕೇಳಿ. ಕೂಲಿಗಾಗಿ ಮೆಕ್ಯಾನಿಕ್ ಆಗಿ, ಕುಶಲಕರ್ಮಿಯಾಗಿ ಅಥವಾ ಕಾರ್ಮಿಕನಾಗಿ ಈಗ ದುಡಿಯುತ್ತಿರುವವನು, ಹಿಂದೆ ಎಂದಾದರೂ ದುಡಿದವನು ಹವ್ಯಾಸಿ ಅಲ್ಲ. ಸಂಘ ಇನ್ನೂ ಮುಂದೆ ಹೋಗಿ ಚಾಕರಿ ಮಾಡುವವನನ್ನೂ ಸೇರಿಸಿತು.

ಇದನ್ನು ಇನ್ನೊಮ್ಮೆ ಓದಿ. ದೋಣಿಯಿಂದ ಹಣ ಮಾಡಿದವನನ್ನು ಮಾತ್ರ ಹೊರಗಿಟ್ಟದ್ದಲ್ಲ. ಜೀವನದಲ್ಲಿ ಒಂದು ದಿನ ಗಾರೆ ಕಲಸಿ ಕೂಲಿ ತಗೊಂಡವನು, ಬಡಗಿ, ಕಮ್ಮಾರ, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು, ಹೊಲದಲ್ಲಿ ಆಳಾಗಿ ದುಡಿದವನು, ಯಾರೂ ಬರಬೇಡಿ. ದೋಣಿಯಿಂದ ಒಂದು ಬಿಡಿಗಾಸು ಪಡೆಯದಿದ್ದರೂ ಬರಬೇಡಿ. ಹುಟ್ಟು ಹಿಡಿಯುವ ಕೈಯ ಬಲ ನೋಡಲಿಲ್ಲ, ಹುಟ್ಟಿದ ಮನೆ ನೋಡಿದರು.

ಈ ಲೇಖನ ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಆ ಸಾಲಿನ ಒಳಗೆ ನಿಲ್ಲುತ್ತೀರಿ? ನಿಮ್ಮ ಅಪ್ಪ? ನಿಮ್ಮ ಅವ್ವ? ಸುದ್ದಿಗೆ ಇಷ್ಟು ಅಂತ ಎಣಿಸಿ ಕಾಸು ಪಡೆಯುವ, ಅದಕ್ಕೂ ಮೊದಲು ರಜೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಕಾಲೇಜಿನ ಫೀಸು ಕಟ್ಟಿದ ನಾವಂತೂ ದಡದಲ್ಲೇ.

‘ಅದಕ್ಕೆ ಕಾರಣ ಇತ್ತು’ ಎನ್ನುವವರಿಗೆ

ಆ ನಿಯಮವನ್ನು ಸಮರ್ಥಿಸುವವರು ಎರಡು ಕಾರಣ ಕೊಡುತ್ತಾರೆ. ಎರಡಕ್ಕೂ ಉತ್ತರ ಕೊಡುತ್ತೇವೆ.

ಮೊದಲನೆಯದು: ಆಗ ವೃತ್ತಿಪರರ ದೋಣಿ ಸ್ಪರ್ಧೆಗಳಲ್ಲಿ ಬಾಜಿ ಕಟ್ಟುತ್ತಿದ್ದರು, ಮೋಸ ನಡೆಯುತ್ತಿತ್ತು, ಅದನ್ನು ದೂರ ಇಡಬೇಕಿತ್ತು. ಬಾಜಿ, ಮೋಸ ಇದ್ದದ್ದು ನಿಜ. ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಜಿ ತಡೆಯಬೇಕಾದರೆ ಬಾಜಿ ಕಟ್ಟುವವನನ್ನು ಹೊರಗೆ ಹಾಕಿ. ಇಟ್ಟಿಗೆ ಇಡುವವನನ್ನು ಏಕೆ ಹಾಕಿದಿರಿ? ಸಾವಿರಾರು ಪೌಂಡ್ ಬಾಜಿ ಕಟ್ಟುವ ಶಕ್ತಿ ಇದ್ದದ್ದು ಕೂಲಿಯವನಿಗಲ್ಲ, ದಡದಲ್ಲಿ ಟೋಪಿ ಹಾಕಿ ನಿಂತಿದ್ದ ಸಾಹೇಬರಿಗೆ.

ಎರಡನೆಯದು: ಮೈ ಮುರಿದು ದುಡಿಯುವವನಿಗೆ ತೋಳಿನ ಬಲ ಹೆಚ್ಚು, ಕುರ್ಚಿಯ ಮೇಲೆ ಕೂತು ಓದುವವನಿಗೆ ಅವನ ಜತೆ ಸ್ಪರ್ಧೆ ಅನ್ಯಾಯ. ಈ ಮಾತು ಕೇಳಿ ನಮಗೆ ನಗು ಬರುತ್ತದೆ. ದಿನವಿಡೀ ಕೆಲಸ ಮಾಡಿ, ಅರೆಹೊಟ್ಟೆ ಉಂಡು, ಸಂಜೆ ಕತ್ತಲಾಗುವ ಹೊತ್ತಿಗೆ ದೋಣಿ ಹಿಡಿಯುವವನು ಒಂದು ಕಡೆ. ಹೊಟ್ಟೆ ತುಂಬ ಉಂಡು, ಬೆಳಗೂ ಸಂಜೆಯೂ ಅಭ್ಯಾಸ ಮಾಡಲು ಬಿಡುವಿದ್ದವನು ಇನ್ನೊಂದು ಕಡೆ. ಅನುಕೂಲ ಯಾರಿಗೆ ಎಂದು ಹೇಳಲು ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ.

‘ಹಣದ ಸೋಂಕಿಲ್ಲದ ಕ್ರೀಡೆ’ ಎಂಬ ಕಥೆಯನ್ನೂ ಇಲ್ಲೇ ಮುಗಿಸೋಣ. ಅಮೆರಿಕದ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ದೋಣಿ ಸ್ಪರ್ಧೆ ಆ ದೇಶದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಅತಿ ಹಳೆಯ ಕ್ರೀಡಾಸ್ಪರ್ಧೆ. ಅದು 1852ರ ಆಗಸ್ಟ್‌ನಲ್ಲಿ ವಿನಿಪಸಾಕಿ ಎಂಬ ಕೆರೆಯಲ್ಲಿ ನಡೆಯಿತು. ಖರ್ಚು ಕೊಟ್ಟವರು ಯಾರು? ಆ ಕೆರೆಯ ಕಡೆ ಹಳಿ ಹಾಕಿದ್ದ ಒಂದು ರೈಲು ಕಂಪನಿಯವರು. ನೋಡಲು ಜನ ಬರಲಿ, ಟಿಕೆಟ್ ಮಾರಾಟವಾಗಲಿ ಎಂದು ಎರಡೂ ತಂಡಗಳ ಪ್ರಯಾಣ, ಊಟ, ವಸತಿ ಎಲ್ಲವನ್ನೂ ವಹಿಸಿಕೊಂಡರು. ಶುದ್ಧ ಕ್ರೀಡೆ ಹುಟ್ಟಿದ್ದೇ ಜಾಹೀರಾತಿನ ತೊಟ್ಟಿಲಲ್ಲಿ. ಕಂಪನಿಯ ಊಟ ಉಂಡ ವಿದ್ಯಾರ್ಥಿ ಹವ್ಯಾಸಿ. ಸ್ವಂತ ದುಡಿಮೆಯ ಊಟ ಉಂಡ ಬಡಗಿ ಹವ್ಯಾಸಿ ಅಲ್ಲ.

ನಿದ್ದೆ ಮಾಡಿದ ಎಂಬ ಅಪವಾದ

1877ರ ಸ್ಪರ್ಧೆ ಕೇಳಿ. ಕೊನೆಗೆ ಬರುವಾಗ ಆಕ್ಸ್‌ಫರ್ಡ್ ದೋಣಿಯಲ್ಲಿ ಒಬ್ಬನ ಹುಟ್ಟು ಬಿರುಕು ಬಿಟ್ಟಿತು. ಎರಡೂ ದೋಣಿ ಹೆಚ್ಚುಕಡಿಮೆ ಒಟ್ಟಿಗೇ ಗುರಿ ದಾಟಿದವು. ಆಗ ಗುರಿಯಲ್ಲಿ ಕಂಬವೂ ಇರಲಿಲ್ಲ. ತೀರ್ಪು ಕೊಡಬೇಕಾದವನು ಜಾನ್ ಫೆಲ್ಪ್ಸ್, ಅಂಬಿಗರ ಮನೆತನದ ಹಿರಿಯ. ಅವನು ಸಮ ಎಂದ. ಇಡೀ ಇತಿಹಾಸದಲ್ಲಿ ಸಮವಾದದ್ದು ಅದೊಂದೇ.

ಆಮೇಲೆ ಕಥೆ ಹಬ್ಬಿತು. ಮುದುಕ ಕುಡಿದು ಪೊದೆಯ ಕೆಳಗೆ ಮಲಗಿದ್ದ, ದೋಣಿ ದಾಟಿದ್ದನ್ನು ನೋಡಲೇ ಇಲ್ಲ ಎಂದು. ಇವತ್ತಿಗೂ ಆ ಸ್ಪರ್ಧೆಯ ಬಗ್ಗೆ ಬರೆಯುವವರು ನಗೆಹನಿಯಂತೆ ಇದನ್ನು ಬರೆಯುತ್ತಾರೆ. ಗುರಿಕಂಬ ನೆಡದ ಸಾಹೇಬರ ತಪ್ಪಿಗೆ ಯಾರೂ ನಗುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿದ ಅಂಬಿಗ ಕುಡುಕನಾದ. ಬಡವನ ಮೇಲೆ ಹೊರಿಸಿದ ಅಪವಾದ ಬೇಗ ನಂಬಿಕೆಯಾಗುತ್ತದೆ, ಹಳೆಯದಾದರೆ ಅದಕ್ಕೂ ಸಂಪ್ರದಾಯ ಎಂಬ ಹೆಸರು ಬರುತ್ತದೆ.

ಒಳಗಿನಿಂದಲೇ ಎದ್ದ ದನಿ

ಅಂದಿನ ಕಾಲವೇ ಹಾಗಿತ್ತು, ಇಂದಿನ ಕಣ್ಣಿಂದ ನೋಡಬೇಡಿ ಎಂಬ ಮಾತು ಬರುತ್ತದೆ. ಅಂದಿನ ಕಾಲದವರೇ ಏನು ಹೇಳಿದರು ನೋಡೋಣ.

ಫ್ರೆಡರಿಕ್ ಫರ್ನಿವಾಲ್ ಎಂಬ ವಿದ್ವಾಂಸರಿದ್ದರು. ಕೇಂಬ್ರಿಡ್ಜ್‌ನಲ್ಲಿ ಓದಿದವರು, ದೋಣಿಯ ಹುಚ್ಚಿನವರು, ಈಗ ಲೋಕಪ್ರಸಿದ್ಧವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಸಂಪಾದಕರಲ್ಲಿ ಒಬ್ಬರು. 1854ರಲ್ಲಿ ಲಂಡನ್ನಿನಲ್ಲಿ ದುಡಿಯುವ ಗಂಡಸರ ಕಾಲೇಜು ಶುರುವಾದಾಗ ಅದರ ಹಿಂದೆ ನಿಂತವರಲ್ಲೂ ಇವರಿದ್ದರು. ತನ್ನ ಜತೆ ವ್ಯಾಕರಣ ಕಲಿಯುವ ಬಡಗಿ ತನ್ನ ಜತೆ ದೋಣಿಯಲ್ಲಿ ಕೂರಬಾರದು ಎಂಬುದು ಅವರಿಗೆ ಅಸಹ್ಯವಾಯಿತು. 1890ರಲ್ಲಿ ಅವರಂಥವರು ಸೇರಿ ಬೇರೆ ಸಂಘವನ್ನೇ ಕಟ್ಟಿದರು. ಅದರಲ್ಲಿ ಕೈಕೆಲಸ ಮಾಡುವವರಿಗೆ ಬಾಗಿಲು ತೆರೆದಿತ್ತು. 1896ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿ ದೋಣಿ ಕ್ಲಬ್ ತೆರೆದರು. ಕೆಲಸಕ್ಕೆ ಹೋಗುವ ಹುಡುಗಿಯರು ಅಲ್ಲಿ ಹುಟ್ಟು ಹಿಡಿದರು. ಆ ಕ್ಲಬ್ ಈಗಲೂ ಇದೆ, ಅವರ ಹೆಸರಿನಲ್ಲೇ ಇದೆ.

ಅಂದರೆ ಕಾಲ ಹಾಗಿರಲಿಲ್ಲ. ಅದೇ ಕಾಲದಲ್ಲಿ, ಅದೇ ನದಿಯ ದಡದಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಓದಿದ ಮನುಷ್ಯನಿಗೆ ಅದು ತಪ್ಪೆಂದು ಗೊತ್ತಿತ್ತು. ಅವರು ಹೇಳಿದರು. ಉಳಿದವರು ಕೇಳಿಸಿಕೊಳ್ಳಲಿಲ್ಲ.

ಇಟ್ಟಿಗೆಯವನು, ಪೊಲೀಸರು, ಮರ ಕಡಿಯುವವರ ಮಕ್ಕಳು

1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜಾನ್ ಕೆಲ್ಲಿ ಹೆನ್ಲಿಗೆ ಬರಲು ಅರ್ಜಿ ಹಾಕಿದ. ಇಟ್ಟಿಗೆ ಕೆಲಸ ಮಾಡಿ ಮೇಲೆ ಬಂದವನು. ಯಜಮಾನರು ತಿರಸ್ಕರಿಸಿದರು. ಅವನ ಕ್ಲಬ್ಬಿನ ಮೇಲೆ ಹಳೆಯ ನಿಷೇಧ ಇತ್ತು ಎಂಬುದು ಒಂದು ಕಾರಣ, ಕೈಕೆಲಸ ಮಾಡಿದವನು ಎಂಬುದು ಇನ್ನೊಂದು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ ಎರಡು ಚಿನ್ನ ಗೆದ್ದ. ಒಂಟಿ ದೋಣಿಯ ಫೈನಲ್‌ನಲ್ಲಿ ಅವನು ಸೋಲಿಸಿದ್ದು ಜ್ಯಾಕ್ ಬೆರೆಸ್‌ಫರ್ಡ್‌ನನ್ನು, ಆ ವರ್ಷ ಹೆನ್ಲಿಯಲ್ಲಿ ಗೆದ್ದಿದ್ದ ಇಂಗ್ಲೆಂಡಿನವನನ್ನು. 1947ರಲ್ಲಿ ಕೆಲ್ಲಿಯ ಮಗ ಅದೇ ಹೆನ್ಲಿಯಲ್ಲಿ ಅದೇ ಸ್ಪರ್ಧೆ ಗೆದ್ದ. ಮಗಳು ಗ್ರೇಸ್ ಕೆಲ್ಲಿ ಸಿನಿಮಾ ನಟಿಯಾಗಿ, ಮೊನಾಕೊದ ರಾಣಿಯಾಗಿ, 1981ರಲ್ಲಿ ಹೆನ್ಲಿಗೆ ಬಂದು ಬಹುಮಾನ ಹಂಚಿದಳು. ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿದವರು ಮಗಳಿಗೆ ಕುರ್ಚಿ ಹಾಕಿದರು. ರಾಣಿಯಾಗಿ ಬಂದರೆ ಕುರ್ಚಿ, ಗಾರೆಯವನಾಗಿ ಬಂದರೆ ಬಾಗಿಲು.

1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡದ ಎಂಟು ಜನ ದೋಣಿಗಾರರು ಹೆನ್ಲಿಗೆ ಬರಬೇಕಿತ್ತು. ಅವರು ಸಿಡ್ನಿಯ ಪೊಲೀಸರು. ಪೊಲೀಸ್ ಕೆಲಸ ಕೂಡ ಕೈಕೆಲಸವೇ ಎಂದು ಅವರನ್ನೂ ಬಿಡಲಿಲ್ಲ. ಅದೇ ವರ್ಷ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಎಂಟು ಜನರ ಚಿನ್ನ ಗೆದ್ದವರು ಯಾರು ಗೊತ್ತೇ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರು. ಮರ ಕಡಿಯುವವರ, ರೈತರ, ಹಡಗುಕಟ್ಟೆಯಲ್ಲಿ ದುಡಿಯುವವರ ಮಕ್ಕಳು. ಅವರಲ್ಲಿ ಜೋ ರಾಂಟ್ಜ್ ಎಂಬವನು ಬೇಸಿಗೆ ರಜೆಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋಗಿ ಬಂಡೆ ಕೊರೆದು ಓದಿನ ಖರ್ಚು ಹುಟ್ಟಿಸಿದವನು. ಇಟಲಿ, ಜರ್ಮನಿ ತಂಡಗಳನ್ನು ಅವರು ಒಂದು ಸೆಕೆಂಡಿನ ಒಳಗಿನ ಅಂತರದಲ್ಲಿ ಹಿಂದೆ ಹಾಕಿದರು.

ಆ ದೋಣಿ ಕಟ್ಟಿದವನು ಜಾರ್ಜ್ ಪೊಕಾಕ್. ಅವನ ಅಪ್ಪ ಇಂಗ್ಲೆಂಡಿನಲ್ಲಿ ಈಟನ್ ಎಂಬ ಶ್ರೀಮಂತರ ಶಾಲೆಗೆ ದೋಣಿ ಕಟ್ಟುತ್ತಿದ್ದ. ಕೆಲಸ ಹುಡುಕಿಕೊಂಡು ಮಗ ಸಮುದ್ರ ದಾಟಿ ಹೋದ. ಹೆನ್ಲಿಯ ನಿಯಮದಲ್ಲಿ ಹವ್ಯಾಸಿ ಎನಿಸಿಕೊಳ್ಳಲು ಆಗದಿದ್ದ ಬಡಗಿ, ಅಮೆರಿಕದ ವಿಶ್ವವಿದ್ಯಾಲಯದ ಹುಡುಗರಿಗೆ ದೋಣಿಯನ್ನೂ ಕೊಟ್ಟ, ದೋಣಿ ನಡೆಸುವ ಬುದ್ಧಿಯನ್ನೂ ಹೇಳಿಕೊಟ್ಟ.

ಇಷ್ಟಾದ ಮೇಲೆ 1937-38ರಲ್ಲಿ ಆ ಸಾಲನ್ನು ಅಳಿಸಿದರು. ಸುಮಾರು ಅರವತ್ತು ವರ್ಷ ಅದು ಇತ್ತು. ಎರಡು ಸಂಘಗಳು ಒಂದಾಗಲು 1956 ಆಗಬೇಕಾಯಿತು.

ಹೆಣ್ಣುಮಕ್ಕಳ 88 ವರ್ಷ

ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಶುರು ಮಾಡಿದ್ದು 1920ರಲ್ಲಿ. ಕೇಂಬ್ರಿಡ್ಜ್ 1948ರಲ್ಲಿ. ಓದಬಹುದು, ಪರೀಕ್ಷೆ ಬರೆಯಬಹುದು, ಆದರೆ ಪದವಿ ಇಲ್ಲ!

1927ರಲ್ಲಿ ಎರಡೂ ಕಡೆಯ ವಿದ್ಯಾರ್ಥಿನಿಯರು ಮೊದಲ ಬಾರಿ ಆಕ್ಸ್‌ಫರ್ಡ್‌ನ ನದಿಯಲ್ಲಿ ದೋಣಿ ಇಳಿಸಿದರು. ಅಕ್ಕಪಕ್ಕ ಸ್ಪರ್ಧೆ ಮಾಡಲು ಬಿಡಲಿಲ್ಲ. ಒಂದು ತಂಡ ಹೋದ ಮೇಲೆ ಇನ್ನೊಂದು. ವೇಗದ ಜತೆ ಕೂತ ಭಂಗಿ, ಹುಟ್ಟು ಎಳೆಯುವ ಅಂದ ನೋಡಿ ತೀರ್ಪು. ದಡದಲ್ಲಿ ನಿಂತು ಅಣಕಿಸುವ ಗಂಡಸರ ಗುಂಪು ಬೇರೆ.

1981ರಲ್ಲಿ ಸೂ ಬ್ರೌನ್ ಎಂಬ ಹುಡುಗಿ ಗಂಡಸರ ಆಕ್ಸ್‌ಫರ್ಡ್ ದೋಣಿಗೆ ಕಾಕ್ಸ್ ಆಗಿ ಕೂತು ಗೆಲ್ಲಿಸಿದಳು. ಆದರೂ ಹೆಂಗಸರ ಸ್ಪರ್ಧೆ ಬೇರೆ ಕಡೆ, ಬೇರೆ ದಿನ, ಕಡಿಮೆ ದೂರಕ್ಕೆ ನಡೆಯುತ್ತಲೇ ಇತ್ತು. ಗಂಡಸರ ನದಿಗೆ, ಗಂಡಸರ ದಿನಕ್ಕೆ, ಗಂಡಸರಷ್ಟೇ ದೂರಕ್ಕೆ ಅವರು ಬಂದದ್ದು 2015ರಲ್ಲಿ. 1927ರಿಂದ ಎಣಿಸಿದರೆ 88 ವರ್ಷ.

ಆ ಬದಲಾವಣೆ ತಂದದ್ದು ಯಾವ ಜ್ಞಾನೋದಯವೂ ಅಲ್ಲ. ಪ್ರಾಯೋಜಕ ಹಣಕಾಸು ಕಂಪನಿಯ ಮುಖ್ಯಸ್ಥೆ ಹೆಲೆನಾ ಮೊರಿಸ್ಸಿ ಎಂಬ ಹೆಂಗಸು ಒತ್ತಾಯಿಸಿದ್ದು ದೊಡ್ಡ ಕಾರಣ. 88 ವರ್ಷ ನ್ಯಾಯ ಕೇಳಿದಾಗ ಬಾಗದ ಸಂಪ್ರದಾಯ, ದುಡ್ಡು ಕೇಳಿದಾಗ ಬಾಗಿತು.

ಇದರ ಪಕ್ಕದಲ್ಲಿ 2024 ಇಟ್ಟು ನೋಡಿ. ಆ ವರ್ಷ ನದಿ ಉಳಿಸಲು ಹೋರಾಡುವ ಒಂದು ಸಂಸ್ಥೆ ಥೇಮ್ಸ್ ನೀರು ಪರೀಕ್ಷೆ ಮಾಡಿಸಿತು. ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ವಿಪರೀತ ಇತ್ತು. ನೀರಿಗೆ ಇಳಿಯಬೇಡಿ, ಮೈಮೇಲಿನ ಗಾಯ ಮುಚ್ಚಿಕೊಳ್ಳಿ ಎಂದು ತಂಡಗಳಿಗೆ ಎಚ್ಚರಿಕೆ ಹೋಯಿತು. ಕಾಕ್ಸನ್ನು ನೀರಿಗೆ ಎಸೆಯುವ ಹಳೆಯ ಸಂಪ್ರದಾಯ ಕೈಬಿಡಲು ಎಷ್ಟು ದಿನ ಬೇಕಾಯಿತು? ಒಂದು ಸೂಚನೆ ಸಾಕಾಯಿತು. ನಾವು ಅದನ್ನು ತಪ್ಪೆನ್ನುವುದಿಲ್ಲ, ಆರೋಗ್ಯ ಮುಖ್ಯ. ಆದರೆ ಬೇಕೆಂದಾಗ ಸಂಪ್ರದಾಯ ವಾರದೊಳಗೆ ಬದಲಾಗುತ್ತದೆ, ಬೇಡವೆಂದಾಗ ಮಾತ್ರ ಶತಮಾನ ಹಿಡಿಯುತ್ತದೆ ಎಂಬುದನ್ನು ಗುರುತಿಟ್ಟುಕೊಳ್ಳಿ.

ಹಳೆಯ ಮಾತಲ್ಲ ಇದು

ಈಗ ಎಲ್ಲ ಸರಿಹೋಗಿದೆಯಲ್ಲ, ಹಳೆಯದನ್ನು ಏಕೆ ಕೆದಕುತ್ತೀರಿ ಎನ್ನಬಹುದು. 2025ಕ್ಕೆ ಬನ್ನಿ.

ಕೇಂಬ್ರಿಡ್ಜ್‌ನ ಮೂವರು ದೋಣಿಗಾರರು ಶಿಕ್ಷಕ ತರಬೇತಿ ಕೋರ್ಸಿನಲ್ಲಿ ಓದುತ್ತಿದ್ದರು. ನಮ್ಮ ಬಿ.ಎಡ್. ಇದೆಯಲ್ಲ, ಹೆಚ್ಚುಕಡಿಮೆ ಅಂಥದ್ದು. ಪದವಿ ಮುಗಿಸಿದವರು ಶಾಲೆಯಲ್ಲಿ ಪಾಠ ಮಾಡಲು ತಯಾರಾಗುವ ಕೋರ್ಸು. ಎದುರಾಳಿ ಆಕ್ಸ್‌ಫರ್ಡ್‌ನವರು ತಕರಾರು ತೆಗೆದರು, ಅದು ಪದವಿ ಅಲ್ಲ ಎಂದು. ಸ್ಪರ್ಧೆಯ ಸಮಿತಿ ಹೌದೆಂದಿತು. ಮೂವರೂ ಹೊರಗೆ. ಅವರಿಲ್ಲದೆಯೂ ಕೇಂಬ್ರಿಡ್ಜ್ ಗಂಡಸರ, ಹೆಂಗಸರ ಎರಡೂ ಸ್ಪರ್ಧೆ ಗೆದ್ದದ್ದು ಬೇರೆ ಮಾತು.

ನಿಯಮ ಹಾಗೇ ಇತ್ತು ಎಂದು ಹೇಳುವವರಿದ್ದಾರೆ. ಇರಬಹುದು. ಯಾರು ಅರ್ಹರು ಎಂದು ಬರೆದಿಡದೆ ಯಾವ ಸ್ಪರ್ಧೆಯೂ ನಡೆಯುವುದಿಲ್ಲ, ಒಪ್ಪುತ್ತೇವೆ. ಒಲಿಂಪಿಕ್ ಮಟ್ಟದ ದೋಣಿಗಾರರನ್ನು ಸುಮ್ಮನೆ ಒಂದು ಕೋರ್ಸಿಗೆ ಸೇರಿಸಿ ತರುವುದನ್ನು ತಡೆಯಬೇಕು ಎಂಬ ಆತಂಕವೂ ಅರ್ಥವಾಗುತ್ತದೆ. ಆದರೆ ಹೊರಬಿದ್ದದ್ದು ಯಾರು ನೋಡಿ. ಊರಿನ ಮಕ್ಕಳಿಗೆ ಅಕ್ಷರ ಕಲಿಸಲು ತಯಾರಾಗುತ್ತಿದ್ದವರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಅದೇ ಫೀಸು ಕಟ್ಟಿ, ಅದೇ ಚಳಿಯಲ್ಲಿ ಬೆಳಗ್ಗೆ ಎದ್ದು ಅಭ್ಯಾಸ ಮಾಡಿದವರಿಗೆ ನೀವು ನಿಜವಾದ ವಿದ್ಯಾರ್ಥಿಗಳಲ್ಲ ಎಂಬ ಉತ್ತರ. ನಮ್ಮ ಕೈಲಿರುವುದು ಪತ್ರಿಕೋದ್ಯಮದ ಡಿಪ್ಲೊಮಾ. ‘ಡಿಪ್ಲೊಮಾನಾ? ಡಿಗ್ರಿ ಅಲ್ಲವಾ?’ ಎಂಬ ಪ್ರಶ್ನೆ ಎಷ್ಟು ಬಾಗಿಲಲ್ಲಿ ಕೇಳಿಸಿಕೊಂಡಿದ್ದೇವೆ ಎಂಬ ಲೆಕ್ಕ ನಮಗೇ ಇಲ್ಲ. ಆದ್ದರಿಂದ ಆ ಮೂವರ ಹೊಟ್ಟೆಯ ಉರಿ ನಮಗೆ ಸುಲಭವಾಗಿ ತಿಳಿಯುತ್ತದೆ.

1879ರಲ್ಲಿ ಕೇಳಿದ್ದು: ನೀನು ನಿಜವಾದ ಹವ್ಯಾಸಿಯೇ? 2025ರಲ್ಲಿ ಕೇಳಿದ್ದು: ನೀನು ನಿಜವಾದ ವಿದ್ಯಾರ್ಥಿಯೇ? ಅಂದಿನದು ದೊಡ್ಡ ಅನ್ಯಾಯ, ಇಂದಿನದು ಸಣ್ಣದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಪ್ರಶ್ನೆ ಕೇಳುವ ದನಿ ಮಾತ್ರ ಬದಲಾಗಿಲ್ಲ.

ಹಾಗಾದರೆ ಏನು ಮಾಡಬೇಕು?

2012ರಲ್ಲಿ ಟ್ರೆಂಟನ್ ಓಲ್ಡ್‌ಫೀಲ್ಡ್ ಎಂಬ ಆಸ್ಟ್ರೇಲಿಯಾದವನು ಈ ಮೇಲರಿಮೆಯನ್ನು ಖಂಡಿಸಲು ಸ್ಪರ್ಧೆಯ ನಡುವೆ ನದಿಗೆ ಹಾರಿ ಈಜಿದ. ದೋಣಿಗಳು ನಿಂತವು. ಅವನಿಗೆ ಆರು ತಿಂಗಳ ಜೈಲು ಶಿಕ್ಷೆಯಾಯಿತು. ದೇಶದಿಂದ ಹೊರಗಟ್ಟಲೂ ಸರ್ಕಾರ ನೋಡಿತು, ಮೇಲ್ಮನವಿಯಲ್ಲಿ ಅವನು ಉಳಿದುಕೊಂಡ. ಅವನ ದಾರಿ ನಮ್ಮದಲ್ಲ. ವೇಗವಾಗಿ ಬರುವ ಹುಟ್ಟಿನ ಅಲಗಿಗೆ ತಲೆ ಸಿಕ್ಕಿದ್ದರೆ ಹೆಣ ಬೀಳುತ್ತಿತ್ತು, ವರ್ಷವಿಡೀ ಬೆವರು ಸುರಿಸಿದ ಮಕ್ಕಳ ಶ್ರಮವೂ ಕೆಟ್ಟಿತು. ಆದರೆ ಒಂದು ಈಜಿಗೆ ಆರು ತಿಂಗಳ ಸೆರೆ, ಮೇಲೆ ಗಡೀಪಾರಿನ ಪ್ರಯತ್ನ ಎಂದರೆ ತಪ್ಪಿನ ಅಳತೆ ಮೀರಿ ಬಿದ್ದ ಪೆಟ್ಟು ಅದು.

ಸ್ಪರ್ಧೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಗೆದ್ದವರಿಗೆ ಅಲ್ಲಿ ಹಣದ ಬಹುಮಾನ ಇಲ್ಲ. ನದಿಯ ದಡದಲ್ಲಿ ಯಾರು ಬೇಕಾದರೂ ಟಿಕೆಟ್ ಇಲ್ಲದೆ ನಿಂತು ನೋಡಬಹುದು, ಅದಕ್ಕೇ ಲಕ್ಷಾಂತರ ಜನ ಸೇರುತ್ತಾರೆ. ಮುಂದಿನದು ಕಾಣದೆ, ಒಬ್ಬರ ಕೂಗು ನಂಬಿ, ಎಂಟು ಬೆನ್ನು ಒಂದೇ ಏಟಿಗೆ ಬಾಗುವುದನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಸೋತವನು ಮುಂದಿನ ವರ್ಷ ತಾನೇ ಸವಾಲು ಹಾಕಬೇಕೆಂಬ ಪದ್ಧತಿ ಇದೆಯಲ್ಲ, ಅದು ಉಳಿಯಬೇಕಾದ ಸಂಪ್ರದಾಯ. ನಾಣ್ಯ ಚಿಮ್ಮುವುದೂ ಉಳಿಯಲಿ.

ನಮ್ಮ ಒತ್ತಾಯ ಒಂದೇ. 2029ರಲ್ಲಿ ಇನ್ನೂರು ವರ್ಷದ ಹಬ್ಬ ಮಾಡುವಾಗ ಆ ಒಂದು ಸಾಲನ್ನು ನದಿಯ ದಡದಲ್ಲಿ ನಿಂತು ಗಟ್ಟಿಯಾಗಿ ಓದಲಿ. ಕೂಲಿಗೆ ದುಡಿದವನು ಬರಬಾರದು ಎಂದು ಬರೆದಿದ್ದೆವು ಎಂದು ತಮ್ಮ ಬಾಯಿಂದಲೇ ಹೇಳಲಿ. ವರ್ಡ್ಸ್‌ವರ್ತ್, ಮೆರಿವೇಲ್ ಹೆಸರಿನ ಜತೆ ಕ್ಲಾಸ್ಪರ್, ಟೇಲರ್, ಫೆಲ್ಪ್ಸ್ ಹೆಸರನ್ನೂ ಕರೆಯಲಿ. ಡಾಗೆಟ್ ಸ್ಪರ್ಧೆಯ ಕೆಂಪು ಕೋಟಿನ ಅಂಬಿಗರು ಆ ದಿನ ಎರಡು ನೀಲಿ ದೋಣಿಗಳ ಮುಂದೆ ಸಾಗಲಿ, ವಯಸ್ಸಿನಲ್ಲಿ ಅವರೇ ಹಿರಿಯರು.

ಇಲ್ಲಿ ಬರೆಯುವ ಕನ್ನಡದ ನಮ್ಮ ಜತೆಗಾರರಿಗೂ ಒಂದು ಮಾತು. ಅವತ್ತು ಏಜೆನ್ಸಿಯಿಂದ ಬಂದ ಹೊಗಳಿಕೆಯನ್ನು ಹಾಗೇ ಕನ್ನಡಕ್ಕೆ ಇಳಿಸಬೇಡಿ. ಓದುಗರೇ, ನಿಮಗೂ ಅಷ್ಟೇ. ಎಲ್ಲೇ ಆಗಲಿ, ಯಾರೇ ಆಗಲಿ, ‘ಇದು ಹಿಂದಿನಿಂದ ಬಂದದ್ದು’ ಎಂದರೆ ಮೂರು ಪ್ರಶ್ನೆ ಕೇಳಿ. ಯಾವ ವರ್ಷದಿಂದ? ಬರೆದವರು ಯಾರು? ಆಗ ಹೊರಗೆ ನಿಂತವರು ಯಾರು? ಥೇಮ್ಸ್ ದಡದ ಉತ್ತರ ಮೇಲೆ ಕೊಟ್ಟಿದ್ದೇವೆ. 1879ರಿಂದ. ಸಾಹೇಬರು. ದೋಣಿ ಕಟ್ಟಿದವರು.